ನ್ಯೂಸ್‌ರೀಲಿನಲ್ಲಿ ಬಂದುಹೋದ ಕೈ: ರಾಮ್ ಮೋಹನ್ ಮತ್ತು ನಮ್ಮೂರ ಪರದೆ

ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಸೈರನ್ ಕೂಗುತ್ತಿದ್ದ ಕಾಲದಲ್ಲಿ ಸಿನಿಮಾಕ್ಕೆ ಹೋಗುವವರಿಗೆ ಒಂದು ಲೆಕ್ಕಾಚಾರ ಗೊತ್ತಿತ್ತು. ಆಟದ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲ, ಹತ್ತು ನಿಮಿಷ ತಡವಾದರೂ ನಡೆಯುತ್ತದೆ. ಮೊದಲು ಹೇಗಿದ್ದರೂ ನ್ಯೂಸ್‌ರೀಲ್ ಬಿಡುತ್ತಾರೆ. ಪಾಳಿ ಮುಗಿಸಿ ಬಂದ ಮಿಲ್ಲಿನವರು ಹೊರಗೆ ಬೀಡಿ ಸೇದಿ, ಮಂಡಕ್ಕಿ ಪೊಟ್ಟಣ ಕಟ್ಟಿಸಿಕೊಂಡು, ಕತ್ತಲಲ್ಲಿ ಪರರ ಕಾಲು ತುಳಿಯುತ್ತಾ ಗಾಂಧಿ ಕ್ಲಾಸಿಗೆ ನುಗ್ಗುವ ಹೊತ್ತಿಗೆ ಪರದೆಯ ಮೇಲೆ ಯಾವುದೋ ಅಣೆಕಟ್ಟೆ, ಯಾವುದೋ ಮಂತ್ರಿ, ಯಾವುದೋ ನೆರೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಮ್ಮಲ್ಲಿ ಕೆಲವರ ಅಪ್ಪಂದಿರು, ಅಜ್ಜಂದಿರು ಹೀಗೆಯೇ ಸಿನಿಮಾ ನೋಡಿದವರು.

ಆದರೆ ಒಮ್ಮೊಮ್ಮೆ ಅಣೆಕಟ್ಟೆಯ ಬದಲು ಬರೆದ ಗೊಂಬೆಗಳು ಪರದೆಯ ಮೇಲೆ ಓಡಾಡುತ್ತಿದ್ದವು. ಚಿಕ್ಕ ಸಂಸಾರದ ಬಗ್ಗೆ ಹೇಳುವ ದಪ್ಪ ಮೂಗಿನ ಗಂಡಸು, ಮಾತಾಡುವ ಪ್ರಾಣಿ, ಬೆಟ್ಟ ಕಾಡು ಹೊಲಗಳಾಗಿ ಅರಳುವ ಭಾರತದ ನಕ್ಷೆ. ಆಗ ಮಾತ್ರ ಮಕ್ಕಳು ಸುಮ್ಮನಾಗುತ್ತಿದ್ದರು. ದೊಡ್ಡವರೂ ಜಾಗ ಹುಡುಕುವುದು ಬಿಟ್ಟು ನಿಂತಲ್ಲೇ ನಿಂತು ನೋಡುತ್ತಿದ್ದರು. ಯಾರು ಬರೆದದ್ದು ಎಂದು ಯಾರೂ ಕೇಳಲಿಲ್ಲ. ಹೆಸರುಗಳ ಪಟ್ಟಿ ಬಂದು ಹೋಗುವಷ್ಟರಲ್ಲಿ ರಾಜಕುಮಾರ್ ಸಿನಿಮಾ ಶುರುವಾಗಿ ಶಿಳ್ಳೆ ಬೀಳುತ್ತಿತ್ತು.

ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಹೆಸರು ರಾಮ್ ಮೋಹನ್. ಭಾರತದ ಅನಿಮೇಷನ್ ಪಿತಾಮಹ ಎಂದು ಪತ್ರಿಕೆಗಳು ಅವರನ್ನು ಕರೆದವು. 1931ರಲ್ಲಿ ಹುಟ್ಟಿ 2019ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಅವರ ವೃತ್ತಿಜೀವನ ಅರವತ್ತು ವರ್ಷಕ್ಕೂ ಹೆಚ್ಚು. ಅವರು ನಮ್ಮ ಊರಿನವರಲ್ಲ, ನಮ್ಮ ಭಾಷೆಯಲ್ಲಿ ಕೆಲಸ ಮಾಡಿದವರೂ ಅಲ್ಲ. ಆದರೂ ಅವರ ಕಥೆಯನ್ನು ದಾವಣಗೆರೆಯಲ್ಲಿ ಕೂತು ಬರೆಯಲು ನಮಗೆ ಎರಡು ಕಾರಣಗಳಿವೆ. ಹೆಸರು ಗೊತ್ತಿಲ್ಲದೆಯೇ ನಮ್ಮ ಹಿರಿಯರು ನೋಡಿದ ಕೆಲಸ ಅದು, ಇದು ಮೊದಲನೆಯದು. ಎರಡನೆಯದು, ಕೈಕೆಲಸ ಯಾರದು, ಕಥೆ ಯಾರದು ಎಂಬ ಪ್ರಶ್ನೆ ಆ ಜೀವನದ ಉದ್ದಕ್ಕೂ ಹರಿದಿದೆ. ಇವತ್ತು ಈ ಊರಿನಿಂದ ಬೆಂಗಳೂರಿಗೆ ಅನಿಮೇಷನ್ ಕೋರ್ಸು ಕಲಿಯಲು ಹೋಗುವ ಹುಡುಗ ಹುಡುಗಿಯರ ಪ್ರಶ್ನೆಯೂ ಅದೇ.

ಸರ್ಕಾರದ ಗೊಂಬೆಗಳು

ಮೊದಲು ಆ ನ್ಯೂಸ್‌ರೀಲ್ ನಮ್ಮ ಟಾಕೀಸಿಗೆ ಯಾಕೆ ಬರುತ್ತಿತ್ತು ಎಂಬುದನ್ನು ನೋಡೋಣ. 1948ರಲ್ಲಿ ಕೇಂದ್ರ ಸರ್ಕಾರ ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆಯನ್ನು ಮುಂಬಯಿಯಲ್ಲಿ ತೆರೆಯಿತು. ಸಾಕ್ಷ್ಯಚಿತ್ರ, ವಾರ್ತಾಚಿತ್ರ ತಯಾರಿಸುವುದು ಅದರ ಕೆಲಸ. ತಯಾರಿಸಿದರೆ ಸಾಲದು, ಜನ ನೋಡಬೇಕಲ್ಲ? ಅದಕ್ಕೆ ಟಾಕೀಸುಗಳ ಲೈಸೆನ್ಸಿನಲ್ಲೇ ಷರತ್ತು ಹಾಕಲಾಯಿತು. ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಕಿರುಚಿತ್ರ ತೋರಿಸಲೇಬೇಕು, ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕು. ಹಿಂದಿ, ಇಂಗ್ಲಿಷ್ ಅಲ್ಲದೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತು ಕೂರಿಸಿ ಪ್ರತಿಗಳನ್ನು ಊರೂರಿಗೆ ಕಳಿಸುತ್ತಿದ್ದರು. ಟಾಕೀಸಿನ ಮಾಲೀಕರಿಗೆ ಇದು ಕಿರಿಕಿರಿ, ನೋಡುವವರಿಗೆ ಬೀಡಿ ಸೇದುವ ಹೊತ್ತು. ಆದರೆ ಒಬ್ಬ ಚಿತ್ರಗಾರನ ಕಣ್ಣಿನಿಂದ ನೋಡಿ. ಟಿಕೆಟ್ ಮಾರಾಟದ ಚಿಂತೆಯಿಲ್ಲದೆ ದೇಶದ ಎಲ್ಲ ಟಾಕೀಸುಗಳಿಗೂ ಅವನ ಕೆಲಸ ತಲುಪುತ್ತಿತ್ತು. ಇಂಥ ಅನುಕೂಲ ಆಮೇಲೆ ಯಾವ ಅನಿಮೇಟರಿಗೂ ಸಿಕ್ಕಿಲ್ಲ.

ಓದು ಬಾರದ ಜನರೇ ಹೆಚ್ಚಿದ್ದ ದೇಶದಲ್ಲಿ ಮಾತಿಗಿಂತ ಚಿತ್ರ ಬೇಗ ಮುಟ್ಟುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. 1956ರಲ್ಲಿ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ಘಟಕ ಹುಟ್ಟಿತು. ಭಾರತಕ್ಕೆ ಅನಿಮೇಷನ್ ಆಗಲೇ ತೀರಾ ಹೊಸದಾಗಿರಲಿಲ್ಲ. ದಾದಾಸಾಹೇಬ್ ಫಾಲ್ಕೆಯವರು ಮೂಕಿ ಕಾಲದಲ್ಲೇ ಬಟಾಣಿ ಗಿಡ ಬೆಳೆಯುವುದನ್ನು ಬಿಡಿಬಿಡಿಯಾಗಿ ಚಿತ್ರಿಸಿ ಓಡಿಸಿದ್ದರು. 1930ರ ದಶಕದಲ್ಲಿ ಅಲ್ಲೊಂದು ಇಲ್ಲೊಂದು ಕಾರ್ಟೂನ್ ಬಂದಿತ್ತು. ಆದರೆ ಒಂದು ಸ್ಟುಡಿಯೋ, ಒಂದು ತಂಡ, ತಿಂಗಳ ಸಂಬಳ, ಕಲಿಸುವ ಗುರು, ಇವೆಲ್ಲ ಒಟ್ಟಿಗೆ ಸೇರಿದ್ದು ಇಲ್ಲಿಯೇ.

ಗುರುವಾಗಿ ಬಂದವರು ಕ್ಲೇರ್ ವೀಕ್ಸ್. ಅಮೆರಿಕದ ಡಿಸ್ನಿ ಸ್ಟುಡಿಯೋದಲ್ಲಿ 'ಸ್ನೋ ವೈಟ್', 'ಬ್ಯಾಂಬಿ', 'ಪೀಟರ್ ಪ್ಯಾನ್' ಚಿತ್ರಗಳಲ್ಲಿ ಕೆಲಸ ಮಾಡಿದವರು. ಮಿಷನರಿಗಳ ಮಗನಾಗಿ ಬಾಲ್ಯವನ್ನು ಭಾರತದಲ್ಲೇ ಕಳೆದಿದ್ದರು. ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಡಿ ಬಂದು ಇಲ್ಲಿನ ಹುಡುಗರಿಗೆ ಡಿಸ್ನಿ ಪದ್ಧತಿಯ ಕೆಲಸ ಕಲಿಸಿದರು. ಆ ಹುಡುಗರಲ್ಲಿ ಒಬ್ಬರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ಇಪ್ಪತ್ತೈದರ ರಾಮ್ ಮೋಹನ್. ಚಿತ್ರ ಬರೆಯುವ ಹುಚ್ಚು ಅವರನ್ನು ಪ್ರಯೋಗಶಾಲೆಯಿಂದ ಈ ಕಡೆಗೆ ಎಳೆದು ತಂದಿತ್ತು.

ಕಲಿಯುತ್ತಲೇ ತಂಡ ಮಾಡಿದ ಚಿತ್ರ 1957ರ 'ದಿ ಬನಿಯನ್ ಡೀರ್'. ಕಥೆ ಬುದ್ಧನ ಜಾತಕ ಕಥೆಗಳಿಂದ ಬಂದದ್ದು. ರಾಜನ ಅಡುಗೆಮನೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕು. ಒಂದು ದಿನ ಬಸುರಿ ಜಿಂಕೆಯ ಸರದಿ ಬರುತ್ತದೆ. ಅವಳ ಬದಲು ಹಿಂಡಿನ ಒಡೆಯನೇ ಹೋಗಿ ಕೊರಳೊಡ್ಡುತ್ತಾನೆ. ರಾಜನ ಮನಸ್ಸು ಕರಗಿ ಎಲ್ಲರಿಗೂ ಅಭಯ ಸಿಗುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗಾದರೂ ಈ ಕಥೆ ಕೇಳಿದ ಕೂಡಲೇ ಪುಣ್ಯಕೋಟಿ ನೆನಪಾಗುತ್ತಾಳೆ. ಅಲ್ಲಿ ರಾಜ, ಇಲ್ಲಿ ಹುಲಿ. ಅಲ್ಲಿ ಹುಟ್ಟಲಿರುವ ಮರಿ, ಇಲ್ಲಿ ಹಾಲಿಗೆ ಕಾದಿರುವ ಕರು. ಈ ಹೋಲಿಕೆಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಮಿಲ್ಲಿನ ಲೆಕ್ಕ

ಈ ಕೆಲಸ ನಡೆಯುವ ರೀತಿ ಮಿಲ್ಲಿನ ಊರಿನವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಸಿನಿಮಾ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಒಂದು ಚಿತ್ರವನ್ನು ಎರಡು ಸಲ ಕ್ಯಾಮೆರಾದಲ್ಲಿ ಹಿಡಿದರೆ ಸೆಕೆಂಡಿಗೆ 12 ಚಿತ್ರ ಬರೆದರೂ ಕಣ್ಣು ಮೋಸ ಹೋಗುತ್ತದೆ. ಹತ್ತು ನಿಮಿಷದ ಕಿರುಚಿತ್ರದಲ್ಲಿ 600 ಸೆಕೆಂಡು, ಅಂದರೆ 7,200 ಚಿತ್ರ. ಇದು ಒಂದೇ ಪಾತ್ರ ಆಡುತ್ತಿದ್ದರೆ. ಎರಡು ಮೂರು ಪಾತ್ರ ಬಂದರೆ ಲೆಕ್ಕ ಅಷ್ಟಷ್ಟು ಏರುತ್ತದೆ.

ಇಷ್ಟನ್ನು ಒಬ್ಬನೇ ಬರೆಯಲಾಗದು. ಆದ್ದರಿಂದ ಕೆಲಸ ಹಂಚಿಹೋಗುತ್ತದೆ. ಹಿರಿಯ ಚಿತ್ರಗಾರ ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾನೆ: ಜಿಂಕೆ ನೆಲ ಬಿಡುವುದು, ಗಾಳಿಯಲ್ಲಿರುವುದು, ನೆಲ ಮುಟ್ಟುವುದು. ನಡುವಿನ ಭಂಗಿಗಳನ್ನು ತುಂಬುವುದು ಕಿರಿಯರ ಪಾಲು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಿಂದಿನ ಹಾಳೆಯನ್ನಿಟ್ಟು, ಅದರ ಮೇಲೆ ಹೊಸ ಹಾಳೆಯಿಟ್ಟು, ಕೂದಲೆಳೆಯಷ್ಟು ಸರಿಸಿ ಸರಿಸಿ ಬರೆಯಬೇಕು. ಆಮೇಲೆ ಅವನ್ನು ಪಾರದರ್ಶಕ ಹಾಳೆಗೆ ನಕಲಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಮೇಲೆ ತೂಗುಹಾಕಿದ ಕ್ಯಾಮೆರಾದಲ್ಲಿ ಒಂದೊಂದಾಗಿ ಹಿಡಿಯಬೇಕು. ಒಂದು ಹಾಳೆ ಅರ್ಧ ಕೂದಲೆಳೆ ಜರುಗಿದರೂ ಪರದೆಯ ಮೇಲೆ ಜಿಂಕೆ ನಡುಗುತ್ತದೆ.

ಹಾಸು ಹೊಕ್ಕಿನ ನಡುವೆ ಒಂದು ಎಳೆ ತಪ್ಪಿದರೂ ಬಟ್ಟೆಯಲ್ಲಿ ಗೆರೆ ಮೂಡುತ್ತದೆ ಎಂಬುದು ಮಗ್ಗದ ಮುಂದೆ ನಿಂತವರಿಗೆ ಗೊತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ಓಡಿದವು. ಯಂತ್ರದ ಮೈಮೇಲೆ ಕಂಪನಿಯ ಹೆಸರಿತ್ತು. ಅದರ ಒಂದೊಂದು ಭಾಗವನ್ನು ಅಳೆದು ಕಡೆದವನ ಹೆಸರಿರಲಿಲ್ಲ. ಚಿಂದೋಡಿ ವೀರಪ್ಪನವರ ಕೆಬಿಆರ್ ಡ್ರಾಮಾ ಕಂಪನಿಯ ನಾಟಕ ನೋಡಿದವರಿಗೆ ನಟರ ಹೆಸರು ನೆನಪಿದೆ. ಅರಮನೆ, ಕಾಡು, ಬೀದಿಗಳ ಪರದೆ ಬರೆದವರ ಹೆಸರು ಕೇಳಿ ನೋಡಿ. ಅನಿಮೇಷನ್ ಕೂಡ ಇದೇ ಜಾತಿಯ ಕೆಲಸ. ರಾಮ್ ಮೋಹನ್ ತಮ್ಮ ಜೀವನದ ಮೊದಲ ಹನ್ನೆರಡು ವರ್ಷ ಇಂಥ ಹೆಸರಿಲ್ಲದ ಕೆಲಸಗಾರರ ನಡುವೆ, ಅವರಲ್ಲೊಬ್ಬರಾಗಿ ಕಳೆದರು.

ಆ ಹನ್ನೆರಡು ವರ್ಷ ಕಥೆ ಸರ್ಕಾರದ್ದು. ಮಿನೂ ಮಸಾನಿಯವರ ಪುಸ್ತಕ ಆಧರಿಸಿ 1961ರಲ್ಲಿ ಬಂದ 'ದಿಸ್ ಅವರ್ ಇಂಡಿಯಾ' ದೇಶದ ಸಂಪತ್ತು, ಬಡತನಗಳ ಲೆಕ್ಕವನ್ನು ಚಿತ್ರಗಳಲ್ಲಿ ಹೇಳಿತು. ಕುಟುಂಬ ಯೋಜನೆ, ಉಳಿತಾಯ, ಶುಚಿತ್ವ ಹೀಗೆ ಇಲಾಖೆಗಳು ಕೊಟ್ಟ ವಿಷಯಗಳು ಒಂದರ ಹಿಂದೊಂದು. ಆದರೆ ಅದರೊಳಗೇ ಅವರು ಸ್ವಂತದ್ದನ್ನು ಹುಡುಕಿದರು. ಮನುಷ್ಯಜಾತಿಯ ಪೆದ್ದುತನವನ್ನು ಕೆಣಕಿದ 'ಹೋಮೋ ಸ್ಯಾಪ್ಸ್' ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮುಂದೆ 'ಯು ಸೆಡ್ ಇಟ್', 'ಫೈರ್ ಗೇಮ್ಸ್' ಚಿತ್ರಗಳಿಗೂ ಬಂತು. ಸರ್ಕಾರಿ ಘಟಕದಲ್ಲಿ ಹಿನ್ನೆಲೆ ಚಿತ್ರ ಬರೆಯಲು ಸೇರಿದ್ದ ಭೀಮ್‌ಸೇನ್ ಅವರಿಗೆ ಅನಿಮೇಷನ್ ಕಲಿಸಿದವರೂ ರಾಮ್ ಮೋಹನ್. ಆ ಭೀಮ್‌ಸೇನ್ 1974ರಲ್ಲಿ ಮಾಡಿದ 'ಏಕ್ ಅನೇಕ್ ಔರ್ ಏಕ್ತಾ' ದೂರದರ್ಶನ ಕಾಲದ ಮಕ್ಕಳೆಲ್ಲರ ನೆನಪಿನಲ್ಲಿದೆ. ಹಿಂದಿ ಬಾರದ ನಮ್ಮ ಮನೆಗಳಲ್ಲೂ ಆ ಹಕ್ಕಿಗಳು ಬಲೆಯನ್ನೇ ಎತ್ತಿಕೊಂಡು ಹಾರಿದ್ದು ಎಲ್ಲರಿಗೂ ಅರ್ಥವಾಗಿತ್ತು.

ಸ್ವಂತ ಬೋರ್ಡು

1960ರ ದಶಕದ ಕೊನೆಗೆ ರಾಮ್ ಮೋಹನ್ ಸರ್ಕಾರಿ ಕೆಲಸ ಬಿಟ್ಟರು. ಪ್ರಸಾದ್ ಪ್ರೊಡಕ್ಷನ್ಸ್‌ನ ಅನಿಮೇಷನ್ ವಿಭಾಗವನ್ನು ಕೆಲವು ವರ್ಷ ನೋಡಿಕೊಂಡು, 1972ರಲ್ಲಿ 'ರಾಮ್ ಮೋಹನ್ ಬಯೋಗ್ರಾಫಿಕ್ಸ್' ಎಂದು ಸ್ವಂತ ಬೋರ್ಡು ಹಾಕಿಕೊಂಡರು. ಪಿಂಚಣಿಯ ನೌಕರಿ ಬಿಟ್ಟು ಕಾರ್ಟೂನ್ ಅಂಗಡಿ ತೆರೆಯುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಏನು ಮಾತು ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಟ್ಟೆಪಾಡು ನಡೆದದ್ದು ಜಾಹೀರಾತುಗಳಿಂದ, ಹಿಂದಿ ಸಿನಿಮಾಗಳ ಟೈಟಲ್ ಕಾರ್ಡುಗಳಿಂದ. ನಡುವೆ ಒಳ್ಳೆಯ ನಿರ್ದೇಶಕರ ಕೆಲಸವೂ ಬಂತು. ಸ್ವಂತ ಬೋರ್ಡಿಗೂ ಮೊದಲೇ, 1969ರಲ್ಲಿ ಮೃಣಾಲ್ ಸೇನ್ ತಮ್ಮ 'ಭುವನ್ ಶೋಮ್' ಚಿತ್ರದಲ್ಲಿ ಅಧಿಕಾರಶಾಹಿಯನ್ನು ಗೇಲಿ ಮಾಡಲು ರಾಮ್ ಮೋಹನ್ ಅವರ ಅನಿಮೇಷನ್ ಬಳಸಿದ್ದರು. 1977ರ 'ಶತರಂಜ್ ಕೆ ಖಿಲಾಡಿ'ಯಲ್ಲಿ ಸತ್ಯಜಿತ್ ರಾಯ್ ಇತಿಹಾಸದ ಒಂದು ಪಾಠವನ್ನೇ ಅವರ ಕೈಗೆ ಕೊಟ್ಟರು. ಡಾಲ್‌ಹೌಸಿ ಒಂದೊಂದೇ ಸಂಸ್ಥಾನವನ್ನು ಚೆರ್ರಿ ಹಣ್ಣು ತಿಂದಂತೆ ಬಾಯಿಗೆ ಹಾಕಿಕೊಳ್ಳುವ ಆ ಭಾಗ ಕೆಲವೇ ನಿಮಿಷದ್ದು. ಪಠ್ಯಪುಸ್ತಕ ಹತ್ತು ಪುಟಗಳಲ್ಲಿ ಹೇಳುವುದು ಅಷ್ಟರಲ್ಲಿ ಮುಗಿಯುತ್ತದೆ.

ಹೀಗೆ ಸರ್ಕಾರದ ಕಥೆಯ ಜಾಗಕ್ಕೆ ಸೋಪಿನ ಕಂಪನಿಯ ಕಥೆ, ಸಿನಿಮಾ ನಿರ್ದೇಶಕನ ಕಥೆ ಬಂತು. ಬೋರ್ಡು ಸ್ವಂತದ್ದಾದರೂ ಕಥೆ ಇನ್ನೂ ಬೇರೆಯವರದೇ. ಅದು ಬದಲಾಗಿದ್ದು ಅವರಿಗೆ ಅರವತ್ತಾಗುವ ಹೊತ್ತಿಗೆ, ಒಬ್ಬ ಹಳ್ಳಿ ಹುಡುಗಿಯಿಂದ ಮತ್ತು ಒಂದು ಹಳೆಯ ಕಥೆಯಿಂದ.

ಮೀನಾ

ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಅವಧಿಯನ್ನು ಹೆಣ್ಣುಮಗುವಿನ ದಶಕವೆಂದು ಘೋಷಿಸಿದ್ದವು. ಆಗ ಯುನಿಸೆಫ್ ದಕ್ಷಿಣ ಏಷ್ಯಾದ ಎಲ್ಲ ಹಳ್ಳಿಗಳಿಗೂ ಸಲ್ಲುವ ಒಬ್ಬ ಹುಡುಗಿಯ ಪಾತ್ರವನ್ನು ಹುಟ್ಟಿಸಲು ಹೊರಟಿತು. ಆ ಹುಡುಗಿಗೆ ರೂಪ ಕೊಟ್ಟವರು ರಾಮ್ ಮೋಹನ್. ಮೊದಲ ಕಂತುಗಳ ತಯಾರಿಗೆ ಹ್ಯಾನಾ-ಬಾರ್ಬೆರಾ ಕಂಪನಿಯ ಮನಿಲಾ ಸ್ಟುಡಿಯೋ ಕೈಜೋಡಿಸಿತು.

ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಇಲ್ಲಿ ಪಾಠವೊಂದಿದೆ. ಪಾತ್ರವನ್ನು ಮುಂಬಯಿಯ ಮೇಜಿನ ಮೇಲೆ ಬರೆದು ಹಳ್ಳಿಗೆ ಕಳಿಸಲಿಲ್ಲ. ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನಗಳ ಹಳ್ಳಿಗಳಿಗೆ ಚಿತ್ರಗಳನ್ನು ಒಯ್ದು ತೋರಿಸಿದರು. ಈ ಹುಡುಗಿ ನಿಮ್ಮೂರಿನವಳಂತೆ ಕಾಣುತ್ತಾಳಾ? ಬಟ್ಟೆ ಸರಿಯಿದೆಯಾ? ಹೆಸರು ಏನಿಡೋಣ? ಸೀರೆಯುಟ್ಟರೆ ಒಂದು ಕಡೆ ಒಪ್ಪುವುದಿಲ್ಲ, ಸಲ್ವಾರ್ ತೊಟ್ಟರೆ ಇನ್ನೊಂದು ಕಡೆ. ಕೊನೆಗೆ ಉದ್ದ ಲಂಗ, ಮೇಲೊಂದು ವಲ್ಲಿ. ಮೀನಾ ಎಂಬ ಹೆಸರು ಹಿಂದೂ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ಇದ್ದದ್ದರಿಂದ ನಿಂತಿತು. ಜೊತೆಗೆ ತಮ್ಮ ರಾಜು, ಮಿಠು ಎಂಬ ಗಿಣಿ.

ಮಾವಿನಹಣ್ಣು ಹಂಚುವ ಕಂತನ್ನೇ ತೆಗೆದುಕೊಳ್ಳಿ. ತಾಯಿ ಹಣ್ಣಿನ ದೊಡ್ಡ ಪಾಲನ್ನು ಗಂಡುಮಗನಿಗೆ ಕೊಡುತ್ತಾಳೆ. ಅವನೇ ಹೆಚ್ಚು ಕೆಲಸ ಮಾಡುವವನು ಎಂಬ ನಂಬಿಕೆ. ಹಾಗಾದರೆ ಒಂದು ದಿನ ಕೆಲಸ ಅದಲು ಬದಲು ಮಾಡೋಣ ಎಂದು ಮಕ್ಕಳೇ ಒಪ್ಪಂದಕ್ಕೆ ಬರುತ್ತಾರೆ. ಸಂಜೆಯ ಹೊತ್ತಿಗೆ ಮೀನಾಳ ಪಾಲಿನ ಕೆಲಸ ಮಾಡಿದ ರಾಜು ಸುಸ್ತು, ಹೊಟ್ಟೆ ತುಂಬದೆ ಕಂಗಾಲು. ಭಾಷಣವೇ ಇಲ್ಲ. ದಾವಣಗೆರೆ ಸುತ್ತಲಿನ ಯಾವ ಹಳ್ಳಿಯ ಅಂಗನವಾಡಿಯಲ್ಲಿ ತೋರಿಸಿದರೂ ತಾಯಂದಿರು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಸಂದೇಶ ಕೊಡುವ ಕೆಲಸವನ್ನು ಸರ್ಕಾರಕ್ಕಾಗಿ ಹನ್ನೆರಡು ವರ್ಷ ಮಾಡಿದ ಕೈ, ಸಂದೇಶ ಕಾಣದಂತೆ ಕಥೆ ಹೇಳುವುದನ್ನು ಇಲ್ಲಿ ಸಾಧಿಸಿತ್ತು.

ರಾಮನನ್ನು ಕಾರ್ಟೂನ್ ಮಾಡುವುದೇ?

ಹಳೆಯ ಕಥೆ ರಾಮಾಯಣ. ಜಪಾನಿನ ಯೂಗೋ ಸಾಕೋ 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದವರು ರಾಮನ ಕಥೆಗೆ ಮನಸೋತರು. ಮನುಷ್ಯನೂ ದೇವರೂ ಆದವನನ್ನು ಮನುಷ್ಯ ನಟ ತೋರಿಸುವುದಕ್ಕಿಂತ ಚಿತ್ರ ಚೆನ್ನಾಗಿ ತೋರಿಸುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಆದರೆ ಸುದ್ದಿ ಹೊರಬಿದ್ದ ಕೂಡಲೇ ಇಲ್ಲಿ ಆಕ್ಷೇಪ ಎದ್ದಿತು. ಪರದೇಶದವರು ರಾಮಾಯಣಕ್ಕೆ ಕೈಹಾಕುವುದೇ, ರಾಮನನ್ನು ಕಾರ್ಟೂನ್ ಮಾಡುವುದೇ ಎಂದು. ಭಾರತ ಸರ್ಕಾರ ಜೊತೆಗೂಡಲು ಹಿಂಜರಿಯಿತು. ಹೀಗಾಗಿ ಚಿತ್ರ ಜಪಾನಿನಲ್ಲಿ ತಯಾರಾಯಿತು. ಸಾಕೋ, ಕೋಯಿಚಿ ಸಾಸಾಕಿ ಜೊತೆಗೆ ಮೂರನೆಯ ನಿರ್ದೇಶಕರಾಗಿ ನಿಂತವರು ರಾಮ್ ಮೋಹನ್.

ಸುಮಾರು 450 ಕಲಾವಿದರು, ಸುಮಾರು ಒಂದು ಲಕ್ಷ ಕೈಬರಹದ ಚಿತ್ರಗಳು, ಎರಡು ಗಂಟೆ ಮೀರಿದ ಸಿನಿಮಾ. ಪಂಚೆಯ ನೆರಿಗೆ ನಡೆಯುವಾಗ ಹೇಗೆ ಬೀಳುತ್ತದೆ, ಹಿರಿಯರ ಕಾಲಿಗೆ ಬೀಳುವಾಗ ಮೈ ಹೇಗೆ ಬಾಗುತ್ತದೆ, ಇಂಥದ್ದನ್ನೆಲ್ಲ ಜಪಾನಿನ ಚಿತ್ರಗಾರರಿಗೆ ಭಾರತದವರು ಮಾಡಿ ತೋರಿಸಬೇಕಾಯಿತು. ವನರಾಜ್ ಭಾಟಿಯಾ ಸಂಗೀತ, ಸಂಸ್ಕೃತದ ಹಾಡುಗಳು. 1992ರಲ್ಲಿ ಚಿತ್ರ ಸಿದ್ಧವಾಯಿತು. ದೇಶದ ವಾತಾವರಣ ಕಾದಿದ್ದ ಹೊತ್ತು. ಚಿತ್ರೋತ್ಸವದಲ್ಲಿ ತೋರಿಸಿದರೂ ಟಾಕೀಸುಗಳಲ್ಲಿ ಅದಕ್ಕೆ ತಕ್ಕ ಓಟ ಸಿಗಲಿಲ್ಲ. ಒಂದು ತಲೆಮಾರು ಅದನ್ನು ನೋಡಿದ್ದು ಆಮೇಲೆ, ಟಿ.ವಿ.ಯ ಕಾರ್ಟೂನ್ ಚಾನೆಲ್ಲಿನಲ್ಲಿ.

ರಾಮನನ್ನು ಕಾರ್ಟೂನ್ ಮಾಡುವುದೇ ಎಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ಕೇಳಿದರೆ ವಿಚಿತ್ರವಾಗಿ ಕಾಣುತ್ತದೆ. ಬಳ್ಳಾರಿ, ಚಿತ್ರದುರ್ಗ ಕಡೆಯ ಹಳ್ಳಿಗಳಲ್ಲಿ ತೊಗಲುಗೊಂಬೆಯವರು ಆಡಿದ್ದು ಇನ್ನೇನನ್ನು? ಬಿಳಿ ಪಂಚೆಯ ಪರದೆ, ಹಿಂದೆ ಹರಳೆಣ್ಣೆ ದೀಪ, ನಡುವೆ ಬಣ್ಣ ಹಚ್ಚಿದ ತೊಗಲಿನ ರಾಮ, ಸೀತೆ, ಹತ್ತು ತಲೆಯ ರಾವಣ. ಇಡೀ ರಾತ್ರಿ ರಾಮಾಯಣ. ಅದೇ ಪರದೆಗೆ ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪೋಲಿ ಮಾತಾಡಿ ಜನರನ್ನು ನಗಿಸಿ ಹೋಗುತ್ತಿದ್ದರು. ಯಾರ ಭಕ್ತಿಗೂ ಕುಂದು ಬರಲಿಲ್ಲ. ಮಳೆ ಬರಲಿಲ್ಲವೆಂದರೆ ಇದೇ ಆಟ ಆಡಿಸಿದ ಊರುಗಳೂ ಇದ್ದವು. ಅನಿಮೇಟರಿನ ದೀಪದ ಮೇಜಿಗೂ ತೊಗಲುಗೊಂಬೆಯ ಪರದೆಗೂ ಬಹಳ ದೂರವಿಲ್ಲ. ಎರಡೂ ಕಡೆ ಹಿಂದಿನ ಬೆಳಕು, ಮುಂದಿನ ಬಣ್ಣ, ಕಾಣದ ಕೈ. ಆ ಗೊಂಬೆಗಳನ್ನು ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಕೂಡಿಸಿದ್ದರಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇವತ್ತು ನೋಡಲು ಸಿಗುತ್ತವೆ. ಆಡಿಸುತ್ತಿದ್ದ ಮನೆತನಗಳ ಮಕ್ಕಳು ಬಹುಪಾಲು ಬೇರೆ ಕೆಲಸ ಹಿಡಿದಿದ್ದಾರೆ.

ಪಾಲುದಾರಿಕೆ ಮತ್ತು ಕೂಲಿಕೆಲಸ

1998ರಲ್ಲಿ ರಾಮ್ ಮೋಹನ್ ತಮ್ಮ ಬಯೋಗ್ರಾಫಿಕ್ಸನ್ನು ಯುಟಿವಿ ಕಂಪನಿಯ ಯುನೈಟೆಡ್ ಸ್ಟುಡಿಯೋಸ್ ಜೊತೆ ಸೇರಿಸಿ 'ಆರ್‌ಎಂ-ಯುಎಸ್‌ಎಲ್' ಎಂಬ ಅನಿಮೇಷನ್ ಸ್ಟುಡಿಯೋ ಕಟ್ಟಿದರು. ಒಬ್ಬ ಕುಶಲಕರ್ಮಿಯ ಅಂಗಡಿ ದೊಡ್ಡ ಬಂಡವಾಳದ ಜೊತೆ ಕೈಕುಲುಕಿದ ಗಳಿಗೆ ಅದು. ಕಾಲವೂ ಹಾಗೇ ಇತ್ತು. ಅಮೆರಿಕ, ಯುರೋಪಿನ ಕಂಪನಿಗಳು ಕಥೆ, ಪಾತ್ರ, ಮುಖ್ಯ ಚಿತ್ರಗಳನ್ನು ತಮ್ಮಲ್ಲೇ ಇಟ್ಟುಕೊಂಡು ನಡುವಿನ ಸಾವಿರಾರು ಚಿತ್ರಗಳ ಕೆಲಸವನ್ನು ಅಗ್ಗದ ಕೂಲಿಯ ದೇಶಗಳಿಗೆ ಕಳಿಸುತ್ತಿದ್ದವು. ಮೊದಲು ಜಪಾನ್, ಆಮೇಲೆ ಕೊರಿಯಾ, ತೈವಾನ್, ಫಿಲಿಪೀನ್ಸ್, ಈಗ ಭಾರತ. ತಿರುವನಂತಪುರ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಲ್ಲಿ ಸ್ಟುಡಿಯೋಗಳು ಎದ್ದವು. ಸಾವಿರಾರು ಹುಡುಗರಿಗೆ ಸಂಬಳ ಸಿಕ್ಕಿತು. ಅದು ಸಣ್ಣ ಮಾತಲ್ಲ.

ಆದರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನಲ್ಲಿ ಕೂತು ಇದನ್ನು ಓದುವಾಗ ನಮಗೆ ಬೇರೆ ನೆನಪುಗಳು ಬರುತ್ತವೆ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹರಿಹರದ ಲೇತ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ನಿಂತಿತು. ಕೈಯಲ್ಲಿ ಕಸುಬಿದ್ದರೂ ನಿರ್ಧಾರ ಬೇರೆ ಕಡೆ ಇದ್ದರೆ, ಒಂದು ಬೆಳಿಗ್ಗೆ ಗೇಟಿಗೆ ಬೀಗ ಬೀಳುತ್ತದೆ. ಚಿತ್ರದ ಕೆಲಸಕ್ಕೂ ಇದೇ ನಿಯಮ. ಡಾಲರಿನ ಬೆಲೆ, ಇನ್ನೊಂದು ದೇಶದ ಇನ್ನೂ ಅಗ್ಗದ ಕೂಲಿ, ಈಗ ತಾನಾಗಿ ಚಿತ್ರ ಬಿಡಿಸುವ ಕಂಪ್ಯೂಟರ್, ಇವುಗಳಲ್ಲಿ ಯಾವುದೇ ಬದಲಾದರೂ ಮೊದಲು ಹೊಡೆತ ಬೀಳುವುದು ನಡುವಿನ ಚಿತ್ರ ತುಂಬುವವರಿಗೆ. ಕಥೆಯ ಒಡೆಯನಿಗಲ್ಲ.

ರಾಮ್ ಮೋಹನ್ ಈ ಎರಡೂ ದಡ ಕಂಡವರು. ಮುಂದೆ ಅವರು ಗ್ರಾಫಿಟಿ ಮಲ್ಟಿಮೀಡಿಯಾ ಕಂಪನಿಯ ಅಧ್ಯಕ್ಷರಾದರು. 2006ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಅನಿಮೇಷನ್ ಶಾಲೆ ತೆರೆದರು. ತಂತ್ರಾಂಶ ಕಲಿಸುವ ಅಂಗಡಿಗಳು ಬೀದಿಗೊಂದು ಹುಟ್ಟುತ್ತಿದ್ದ ಆ ದಿನಗಳಲ್ಲಿ ಅವರು ಪೆನ್ಸಿಲ್ ಹಿಡಿಯುವುದು, ಕಥೆ ಕಟ್ಟುವುದು ಕಲಿಸಲು ಹೊರಟಿದ್ದರು. 2014ರಲ್ಲಿ ಪದ್ಮಶ್ರೀ ಬಂತು.

ನಮ್ಮ ಪಾಲು

ಕರ್ನಾಟಕ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ ಎಂದು ಸರ್ಕಾರ ಹೇಳುತ್ತದೆ. 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿಯೊಂದನ್ನು ತಂದ ಮೊದಲ ರಾಜ್ಯ ನಮ್ಮದು. ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಕಾಲೇಜಿದೆ. ಈಗ ಅದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಬಯಲುಸೀಮೆಯ ರೈತ, ಕೂಲಿಕಾರರ ಮಕ್ಕಳು ಅಲ್ಲಿ ಬಣ್ಣ ಕಲಿತು ಹೊರಬಂದಿದ್ದಾರೆ. ಕೈಗೆ ಕೊರತೆಯಿಲ್ಲ.

ಕೊರತೆ ಇರುವುದು ಕನ್ನಡದ ಕಥೆ ಕನ್ನಡದಲ್ಲೇ ಓಡಾಡುವ ಪರದೆಗೆ. ಡಬ್ಬಿಂಗ್ ಬೇಡವೆಂಬ ದಶಕಗಳ ಕಟ್ಟುಪಾಡಿನಲ್ಲಿ ನಮ್ಮ ಮಕ್ಕಳು ಹಿಂದಿ, ಇಂಗ್ಲಿಷ್ ಕಾರ್ಟೂನು ನೋಡಿ ಬೆಳೆದರು. 2009ರಲ್ಲಿ ಚಿಂಟು ಟಿ.ವಿ. ಬಂದಾಗ ಪರದೇಶದ ಪಾತ್ರಗಳು ಮೊದಲ ಸಲ ದಿನವಿಡೀ ಕನ್ನಡ ಮಾತಾಡಿದವು. ಅದೂ ಬೇರೆಯವರ ಕಥೆಯೇ, ಆದರೆ ಭಾಷೆಯಾದರೂ ನಮ್ಮದಾಯಿತು. 2025ರ ಜನವರಿಯಲ್ಲಿ ಸಾಕೋ ಮತ್ತು ರಾಮ್ ಮೋಹನ್ ಅವರ ರಾಮಾಯಣ ಹೊಸ ರೂಪದಲ್ಲಿ ದೇಶದ ಟಾಕೀಸುಗಳಿಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿಲ್ಲ. ಕುಮಾರವ್ಯಾಸನಿಂದ ಕುವೆಂಪುವರೆಗೆ ಮಹಾಕಾವ್ಯಗಳನ್ನು ತನ್ನದಾಗಿಸಿಕೊಂಡ ಭಾಷೆಗೆ ಮಕ್ಕಳ ರಾಮಾಯಣ ನೋಡುವ ಸಾಲಿನಲ್ಲಿ ಕುರ್ಚಿ ಇರಲಿಲ್ಲ. ಇದಕ್ಕೆ ಮುಂಬಯಿಯವರನ್ನು, ಜಪಾನಿನವರನ್ನು ದೂರಿ ಫಲವಿಲ್ಲ. ನಾವು ಕೇಳಲಿಲ್ಲ, ಮಾರುಕಟ್ಟೆ ಇದೆ ಎಂದು ತೋರಿಸಲೂ ಇಲ್ಲ.

ಮೊದಲು ಹೇಳಿದ ಪುಣ್ಯಕೋಟಿಗೆ ಮರಳೋಣ. 2020ರಲ್ಲಿ ಬೆಂಗಳೂರಿನ ವಿ. ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ, ಇಳಯರಾಜಾ ಅವರ ಸಂಗೀತದೊಂದಿಗೆ, ಪುಣ್ಯಕೋಟಿಯ ಅನಿಮೇಷನ್ ಚಿತ್ರ ಮಾಡಿ ನೆಟ್‌ಫ್ಲಿಕ್ಸ್‌ಗೆ ತಲುಪಿಸಿದರು. ದೊಡ್ಡ ಸ್ಟುಡಿಯೋ ಬೆನ್ನಿಗಿಲ್ಲದೆ ಇಂಥ ಕೆಲಸ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಚಿತ್ರದಲ್ಲಿ ಪುಣ್ಯಕೋಟಿ ಮಾತಾಡುವುದು ಸಂಸ್ಕೃತದಲ್ಲಿ. ಕನ್ನಡ ಶಾಲೆಯ ಮಕ್ಕಳೆಲ್ಲ ಬಾಯಿಪಾಠ ಹೇಳುವ ಹಸು, ಪರದೆಯ ಮೇಲೆ ಕನ್ನಡದಲ್ಲಿ ಆ ಹುಲಿಗೆ ಉತ್ತರ ಕೊಡುವುದನ್ನು ನೋಡುವ ಆಸೆ ನಮಗೆ ಇನ್ನೂ ಉಳಿದಿದೆ.

ಫಿಲ್ಮ್ಸ್ ಡಿವಿಷನ್ ಈಗ ಹಳೆಯ ರೂಪದಲ್ಲಿಲ್ಲ, ಎನ್‌ಎಫ್‌ಡಿಸಿಯೊಳಗೆ ಸೇರಿಹೋಗಿದೆ. ಆಟಕ್ಕೆ ಮುಂಚೆ ನ್ಯೂಸ್‌ರೀಲ್ ಬರುವುದಿಲ್ಲ, ಈಗ ಅಲ್ಲಿ ಬರುವುದು ಬಂಗಾರದಂಗಡಿಯ ಜಾಹೀರಾತು. ನಮ್ಮ ತಂಡ ಒಂದು ಚಿಕ್ಕ ಕೆಲಸಕ್ಕೆ ಮನಸ್ಸು ಮಾಡಿದೆ. ಈ ಬೇಸಿಗೆ ರಜೆಯಲ್ಲಿ ಹರಿಹರ ತಾಲ್ಲೂಕಿನ ಒಂದೆರಡು ಸರ್ಕಾರಿ ಶಾಲೆಗಳಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ 'ದಿ ಬನಿಯನ್ ಡೀರ್' ತೋರಿಸುವುದು. ಮಾತನ್ನು ನಾವೇ ಕನ್ನಡದಲ್ಲಿ ಹೇಳುತ್ತೇವೆ. ಮುಗಿದ ಮೇಲೆ ದೀಪ ಹಾಕುವ ಮೊದಲು ಬರೆದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಪುಣ್ಯಕೋಟಿ ದೊಡ್ಡಿಯಿಂದ ಗುಹೆಯ ಕಡೆಗೆ ನಡೆಯುವ ಹನ್ನೆರಡು ಹೆಜ್ಜೆ ಬರೆಸುತ್ತೇವೆ. ಹನ್ನೆರಡು ಚಿತ್ರವೆಂದರೆ ಒಂದು ಸೆಕೆಂಡು. ಅಷ್ಟರಿಂದ ಶುರು ಮಾಡಬಹುದು.